ನವಿಲಿಗೆ ಹಚ್ಚಿದ ಸ್ಪೀಕರ್

ಬಿಳಿಚೋಡು
೧೨-೯-೨೦೨೪, ಗುರುವಾರ

ಪುಷ್ಪಾಳ ಅಪ್ಪನಿಗೆ ಶೈಲಾ ಮಾಡುವ ನಮಸ್ಕಾರಗಳು.

ಕೆಮ್ಮು ಹೇಗಿದೆ? ಈ ಕಾಗದ ತರುವ ಕೆಂಚೇಶನ ಚೀಲದಲ್ಲಿ ರೊಟ್ಟಿ, ಚಟ್ನಿಪುಡಿಯ ಜೊತೆ ಕಷಾಯದ ಪುಡಿಯನ್ನೂ ಇಟ್ಟಿದ್ದೇನೆ. ಅದನ್ನು ಕುರಿಗೆ ಕುಡಿಸದೆ ನೀವೇ ಕುಡಿಯಿರಿ. ನ್ಯಾಮತಿ ಕಡೆ ಮಳೆ ಹೆಚ್ಚಂತೆ, ಮಂದೆಯ ಕಾಲು ನೋಡುವಷ್ಟು ನಿಮ್ಮ ಎದೆಯನ್ನೂ ನೋಡಿಕೊಳ್ಳಿ. ಫೋನಿನಲ್ಲಿ ನೀವು "ಹೂಂ, ಆತು, ಇಡು" ಅನ್ನುವುದರೊಳಗೆ ನನ್ನ ಮಾತು ಅರ್ಧ ಗಂಟಲಲ್ಲೇ ಉಳಿಯುತ್ತದೆ, ಅದಕ್ಕೇ ಈ ಕಾಗದ. ಅತ್ತೆ ಗಟ್ಟಿಯಾಗಿದ್ದಾರೆ. ಪುಷ್ಪಾ ಮಾತ್ರ ಮೂರು ದಿನದಿಂದ ಮುಖ ಊದಿಸಿಕೊಂಡಿದ್ದಾಳೆ. ಕಾರಣ ನಾನೇ. ಅವಳ ಕಂಪ್ಯೂಟರಿನ ಸ್ಪೀಕರ್ ಎರಡನ್ನೂ ಕೆಡಿಸಿ ಕೂತಿದ್ದೇನೆ.

ಕುರಿ ಹೊಡೆದುಕೊಂಡು ಹೊರಟ ದಿನ ನೀವು ಅಂದದ್ದು ನೆನಪಿದೆಯೇ? "ನಿನ್ನೊಬ್ಬಳ ಕೈಲಿ ನವಿಲು ಕಾಯಾಕೆ ಆಗಂಗಿಲ್ಲ. ಬರೋ ವರ್ಷ ಹೊಲಾನ ಮಾರುತೇಶಗೆ ಪಾಲಿಗೆ ಕೊಡಾನ." ನಿಮ್ಮ ತಮ್ಮ ಮಾರುತೇಶ ಅಲ್ಲೇ ನಿಂತು ತಲೆ ಆಡಿಸಿದ. ಶೇಂಗಾ ಬಿತ್ತಿದವಳು ನಾನು, ಕಳೆ ತೆಗೆದವಳು ನಾನು, ಕಾಯುವುದಕ್ಕೆ ಮಾತ್ರ ಅವನು ಬೇಕೇ? ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಒಂದು ಮಾತು ಒಪ್ಪಬೇಕು, ನವಿಲುಗಳು ಹೆದರುತ್ತಿದ್ದದ್ದು ನಿಮ್ಮ ಕೂಗಿಗೇ. ನಾನು ತಟ್ಟೆ ಬಡಿದರೆ ಅವು ಕತ್ತು ಕೂಡ ಎತ್ತುತ್ತಿರಲಿಲ್ಲ.

ಹೋದ ವರ್ಷ ನೀವು ಬದುವಿನ ಮೇಲೆ ನಿಂತು "ಹೋಯ್! ಹೋಗ್ರಲೇ!" ಎಂದು ಕೂಗಿದ್ದನ್ನು ಪುಷ್ಪಾ ಮೊಬೈಲಿನಲ್ಲಿ ಹಿಡಿದಿದ್ದಳಲ್ಲ, ಅದನ್ನು ಕಂಪ್ಯೂಟರಿಗೆ ಹಾಕಿಸಿ, ಸ್ಪೀಕರುಗಳನ್ನು ಹಿತ್ತಲ ಕಿಟಕಿಯಲ್ಲಿ ಹೊಲದ ಕಡೆ ಮುಖ ಮಾಡಿ ಇಟ್ಟೆ. ಮೊದಲ ದಿನ ನೀವೇ ಊರಿಗೆ ಬಂದಿದ್ದೀರೆಂದು ತಿಳಿದು ಪಕ್ಕದ ಮನೆಯ ಸುಚಿತ್ರಾ ಸಾರು ಕೂಡ ತಂದುಕೊಟ್ಟಳು! ಎಂಟು ದಿನ ಒಂದು ನವಿಲೂ ಇಳಿಯಲಿಲ್ಲ. ಆದರೆ ಆ ಕೂಗಿನ ಕೊನೆಗೆ ನೀವು ಕೆಮ್ಮುತ್ತೀರಿ. ಕೆಮ್ಮು ಬಂತೆಂದರೆ ಕೂಗು ಮುಗಿಯಿತು ಎಂದು ಹಾಳಾದವು ಕಲಿತುಬಿಟ್ಟವು. ಬೇಲಿಯ ಮೇಲೆ ಕೂತು ಕೆಮ್ಮಿಗೇ ಕಾಯುತ್ತಿದ್ದವು. ನಾನು ಬಿಡುವವಳೇ? ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಇಟ್ಟು, ಸ್ಪೀಕರಿನ ಗುಂಡಿಯನ್ನೂ ಕೊನೆಯವರೆಗೆ ತಿರುಗಿಸಿದೆ. "ಅಮ್ಮಾ, ಅವು ಮನೆಯೊಳಗೆ ಕೇಳಾಕೆ ಮಾಡಿರೋವು, ಹೊಲಕ್ಕಲ್ಲ" ಎಂದು ಪುಷ್ಪಾ ಬಡಿದುಕೊಂಡಳು. ಸೋಮವಾರ ಬೆಳಿಗ್ಗೆ ನಿಮ್ಮ ಕೂಗು ಒಡೆದು ಗರಗರ ಅಂದಿತು. ಒಂದರ ಒಳಗಿನ ಕಾಗದ ಹರಿದಿದೆ, ಇನ್ನೊಂದು ಸುಟ್ಟ ವಾಸನೆ ಬಿಟ್ಟು ಸುಮ್ಮನಾಗಿದೆ.

ಅದೇ ಹೊತ್ತಿಗೆ ಹತ್ತು ಹದಿನೈದು ನವಿಲು ಒಟ್ಟಿಗೇ ಇಳಿದು, ಕಣ್ಣೆದುರಿಗೇ ಗಿಡ ಕೆದಕತೊಡಗಿದವು. ಹೊಲ ಹೋಯಿತು, ಮಾರುತೇಶ ಗೆದ್ದ ಅನ್ನಿಸಿತು. ಓಡಿಹೋಗಿ ಬದು ಹತ್ತಿದೆ. "ಸೊಸೆ ದನಿ ಹೊಸ್ತಿಲು ದಾಟಬಾರ್ದು" ಎಂದು ಅತ್ತೆ ಹೇಳಿ ಹತ್ತೊಂಬತ್ತು ವರ್ಷವಾಯಿತಲ್ಲ, ಅಷ್ಟು ವರ್ಷದ್ದೂ ಒಂದೇ ಸಲಕ್ಕೆ ಹೊರಗೆ ಬಂತು. ಏನೆಂದು ಕೂಗಿದೆನೋ ನನಗೇ ಗೊತ್ತಿಲ್ಲ. ನವಿಲು ಎದ್ದವು, ಬಸ್‌ಸ್ಟಾಪಿನ ನಾಯಿಗಳೂ ಎದ್ದವು. ಅತ್ತೆ ಊರುಗೋಲು ಕೂಡ ಹಿಡಿಯದೆ ಬಂದರು. ಬೈಯುತ್ತಾರೆ ಎಂದುಕೊಂಡೆ. ಹೊಲ ನೋಡಿದರು, ನನ್ನನ್ನು ನೋಡಿದರು. "ಇನ್ನೊಂದ್ಸಲ ಕೂಗು, ಆ ಮೂಲ್ಯಾಗೆ ಎರಡು ಅದಾವೆ" ಅಂದರು. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು.

ಈಗ ದಿನಕ್ಕೆ ಮೂರು ಹೊತ್ತು ಕೂಗುತ್ತೇನೆ. ನಾಲ್ಕು ಸಾಲು ಹೋಗಿವೆ, ಸುಳ್ಳು ಹೇಳುವುದಿಲ್ಲ. ಉಳಿದ ಹೊಲ ನೆಟ್ಟಗಿದೆ. ಬರುವಾಗ ಹೊನ್ನಾಳಿಯಲ್ಲಿ ಪುಷ್ಪಾಗೆ ಒಂದು ಜೊತೆ ಸ್ಪೀಕರ್ ತನ್ನಿ, ಸಣ್ಣವೇ ಸಾಕು. ದೇವರು ನಿಮ್ಮನ್ನೂ ಮಂದೆಯನ್ನೂ ಕಾಯಲಿ.

ಇಂತಿ ನಿಮ್ಮ
ಶೈಲಾ

ಮರೆತಿದ್ದೆ, ಕೆಂಚೇಶ ಹೊರಟು ನಿಂತಿದ್ದಾನೆ. ಹೊಲ ಪಾಲಿಗೆ ಇಲ್ಲ. ನಿನ್ನೆ ಮಾರುತೇಶ ಬೇಲಿಯಾಚೆ ನಿಂತು ಕೇಳಿದ, ನಾನು ಬದುವಿನ ಮೇಲಿಂದಲೇ ಉತ್ತರ ಕೊಟ್ಟೆ. ಊರಿಗೆಲ್ಲ ಕೇಳಿಸಿದೆ, ನಿಮಗೊಬ್ಬರಿಗೆ ಬಾಕಿ ಇತ್ತು, ಅದಕ್ಕೇ ಬರೆದೆ.