ಬೊಳ್ಳುವಿನ ರಕ್ತದ ಕಾವಲು

ಶಿರ್ತಾಡಿ
೧೧ ನವೆಂಬರ್ ೨೦೨೫

ಇವರೇ,

ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ, ಮುನಿಸಿಕೊಂಡು ಬಂದವಳಿಗೆ ಬೇರೆ ಸಂಬೋಧನೆಯೂ ಹೊಳೆಯಲಿಲ್ಲ. ಫೋನು ಮಾಡಿದರೆ ಇಬ್ಬರೂ ಜಗಳಕ್ಕೇ ಬೀಳುತ್ತೇವೆ, ಅದಕ್ಕೇ ಈ ಕಾಗದ. ಬೊಳ್ಳು ಚೆನ್ನಾಗಿದ್ದಾನೆ. ನನ್ನ ಪಾದದ ಮೇಲೆ ಗಲ್ಲವಿಟ್ಟು ಮಲಗಿ, ಕನಸಿನಲ್ಲಿ ಯಾರನ್ನೋ ಓಡಿಸುತ್ತಾ ಕಾಲು ಆಡಿಸುತ್ತಿದ್ದಾನೆ.

ಕಳೆದ ವರ್ಷ ಚುಚ್ಚುಮದ್ದು ಹಾಕಿಸಿದ ದಿನ ಅವನ ಮುಖ ಕುಂಬಳಕಾಯಿಯ ಹಾಗೆ ಊದಿ ಉಸಿರು ಸಿಕ್ಕಿಕೊಂಡದ್ದು, ಎಲ್ಲ ನನ್ನ ಹಟದಿಂದ ಎಂದು ನೀವು ಪಾಣೆಮಂಗಳೂರಿಗೆಲ್ಲ ಕೇಳುವಂತೆ ಕೂಗಿದ್ದು, ನಾನು ನಾಯಿಯನ್ನೆತ್ತಿಕೊಂಡು ತವರಿಗೆ ಬಂದದ್ದು, ಅದನ್ನು ಮತ್ತೆ ಬರೆಯುವುದಿಲ್ಲ. ಬರೆದೇ ಬಿಟ್ಟೆ, ಇರಲಿ. ಈಗ ಇಲ್ಲಿ ಪಾರ್ವೊ ರೋಗ ಬಂದು ಪಕ್ಕದ ಮನೆಯ ಮರಿಗಳು ಸತ್ತಿವೆ. ಮತ್ತೆ ಮದ್ದು ಹಾಕಿಸಲು ಭಯ, ಹಾಕಿಸದಿರಲೂ ಭಯ. ಹಳೆಯ ಮದ್ದಿನ ಶಕ್ತಿ ರಕ್ತದಲ್ಲಿ ಉಳಿದಿದೆಯೋ ಎಂದು ಅಳೆಯಿಸುತ್ತೇನೆ, ಇಲ್ಲವಾದರೆ ನಾಯಿಯನ್ನು ನಿಮ್ಮ ಗೋಡೆ ಕಟ್ಟಿದ ಅಂಗಳಕ್ಕೆ ಬಿಟ್ಟುಕೊಡುತ್ತೇನೆ ಎಂದು ನಾದಿನಿ ದೀಕ್ಷಿತಾಳಲ್ಲಿ ಹೇಳಿ ಕಳಿಸಿದ್ದೆನಲ್ಲ.

ಮೊದಲ ಸಲದ ರಕ್ತ ಹಾಳಾಯಿತು. ಇಲ್ಲಿಯ ಕಾಂಪೌಂಡರ್ ತೆಗೆದುಕೊಟ್ಟದ್ದನ್ನು, ಮೀನು ಮಾರಿ ಮೂಡುಬಿದಿರೆಗೆ ವಾಪಸು ಹೊರಟ ಇಬ್ರಾಹಿಂ ಖಲೀಲರ ಕೈಯಲ್ಲಿ ಕಳಿಸಿದೆ. ಊರವರ ಔಷಧ, ಚಪ್ಪಲಿ, ಮದುವೆ ಕಾಗದ ಎಲ್ಲ ಹೋಗುವುದು ಅವರ ಸ್ಕೂಟರಿನಲ್ಲೇ. ಆಸ್ಪತ್ರೆಯ ವಸ್ತು ತಂಪಾಗಿರಬೇಕೆಂದು ಆ ಪುಣ್ಯಾತ್ಮ ಅದನ್ನು ಉಳಿದ ಬಂಗುಡೆ ಮೀನಿನ ಜೊತೆ ಉಪ್ಪು ಬೆರೆಸಿದ ಐಸಿನೊಳಗೆ ಹೂತಿಟ್ಟರು. ರಕ್ತ ಕಲ್ಲಾಗಿತ್ತು, ಪರೀಕ್ಷೆಗೆ ಆಗದು ಎಂದರು ಅಲ್ಲಿಯ ಪಶು ಆಸ್ಪತ್ರೆಯ ಡಾಕ್ಟರ್ ರಿಫಾ. ಖಲೀಲರು ಬೇಸರದಲ್ಲಿ ಮರುದಿನ ಉಚಿತವಾಗಿ ಮೀನು ಹಾಕಿದರು. ಬೊಳ್ಳುವಿಗೆ ನಷ್ಟವೇನೂ ಆಗಲಿಲ್ಲ.

ಎರಡನೆಯ ಸಲ ನಾನೇ ಅವನನ್ನು ಆಟೋದಲ್ಲಿ ಮೂಡುಬಿದಿರೆಗೆ ಕರೆದೊಯ್ದೆ. ಸೂಜಿ ಕಂಡು ಮೇಜಿನಿಂದ ಹಾರಲು ನೋಡಿದ. ನೀವು ಸಂಜೆ ಬಂದು ಏನೆಂದು ವಿಚಾರಿಸುವ ಹಾಗೆ ‘ದಾನೆ ಮಗಾ’ ಎಂದೆ. ಕೂಡಲೇ ಸುಮ್ಮನಾಗಿ ಬಾಗಿಲ ಕಡೆ ನೋಡಿದ. ರಕ್ತ ತೆಗೆದು ಮುಗಿದರೂ ನೋಡುತ್ತಲೇ ಇದ್ದ. ನನಗೆ ಅಳು ಬಂತು.

ರಕ್ತದ ತಿಳಿಯನ್ನು ಮತ್ತೆ ಮತ್ತೆ ತೆಳು ಮಾಡುತ್ತಾ ಹೋಗುವುದಂತೆ. ಎಷ್ಟು ತೆಳುವಾದರೂ ಅದರಲ್ಲಿ ರೋಗ ತಡೆಯುವ ಕಾವಲು ಸಿಕ್ಕಿದರೆ ಅಷ್ಟು ಶಕ್ತಿ ಎಂದು ಲೆಕ್ಕ. ಡಾಕ್ಟರ್ ಹೇಳಿದ್ದು ಮಧ್ಯಾಹ್ನದ ಮಂಪರಿನಲ್ಲಿ ನನಗೆ ಬೇರೆಯೇ ಆಗಿ ಕಂಡಿತು. ನೇತ್ರಾವತಿಗೆ ಒಂದು ಹನಿ ಬಿದ್ದಿದೆ, ಸೇತುವೆಯ ಕೆಳಗೆ ಹರಿದು ಹರಿದು ಬಣ್ಣವೇ ಇಲ್ಲ, ಆದರೂ ಹನಿ ಅಲ್ಲೇ ಉಂಟು. ದಂಡೆಯಲ್ಲಿ ನೀವು ಲುಂಗಿ ಎತ್ತಿ ಕಟ್ಟಿ, ನದಿಯನ್ನೆಲ್ಲ ಕೊಡದಲ್ಲಿ ಮೊಗೆದು ಅದನ್ನು ಹುಡುಕುತ್ತಿದ್ದೀರಿ. ಎದ್ದಾಗ ನಿಮ್ಮ ಮೇಲೆ ಪ್ರೀತಿ ಬಂದಿತ್ತು, ಸಿಟ್ಟು ಹುಡುಕಿದರೂ ಸಿಗಲಿಲ್ಲ.

ಫಲಿತಾಂಶ ನಿನ್ನೆ ಬಂತು. ಪಾರ್ವೊ, ಡಿಸ್ಟೆಂಪರ್, ಹೆಪಟೈಟಿಸ್ ಮೂರನ್ನೂ ತಡೆಯುವಷ್ಟು ಶಕ್ತಿ ಅವನಲ್ಲಿ ಉಂಟು. ಈ ವರ್ಷ ಆ ಮದ್ದು ಬೇಡವಂತೆ. “ನಾಯಿ ನಿಮ್ಮಲ್ಲೇ ಇರ್ಲಿ, ಎಲ್ಲಿಗೂ ಕಳಿಸ್ಬೇಕೂಂತ ಇಲ್ಲ,” ಎಂದರು ಡಾಕ್ಟರ್. ಮಾತಿನ ಪ್ರಕಾರ ಬೊಳ್ಳು ಇನ್ನು ನನ್ನವನೇ. ನಾನು ಗೆದ್ದೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ
ದಮಯಂತಿ

ತಾ.ಕ.: ಭಾನುವಾರ ಓಮ್ನಿ ತೆಗೆದುಕೊಂಡು ಬನ್ನಿ. ಬೊಳ್ಳು ನನ್ನ ಮಡಿಲಲ್ಲಿ ಕೂರುತ್ತಾನೆ, ಹಿಂದೆ ನನ್ನ ಟ್ರಂಕಿಗೆ ಜಾಗ ಬೇಕು. ಅಮ್ಮ ಕೇಳಿದರೆ, ನಾಯಿಗಾಗಿ ಬಂದೆ ಎನ್ನಬೇಡಿ.