ಭಾನುವಾರದೊಳಗೆ ಏಳಬೇಕಂತೆ

ಚಾಮರಾಜಪೇಟೆ
ಗುರುವಾರ, ೧೩ ಫೆಬ್ರವರಿ ೨೦೨೫

ಬಿಂದುವಿನ ಅಪ್ಪನಿಗೆ ನಮಸ್ಕಾರ.

ಮಂಡಿನೋವು ಈಗ ಹೇಗಿದೆ? ಪ್ರಕೃತಿ ಚಿಕಿತ್ಸೆಯವರು ಮಣ್ಣಿನ ಪಟ್ಟಿ ಹಾಕಿ ದಿನವಿಡೀ ಮಲಗಿಸ್ತಾರೆ ಅಂದಿದ್ರಿ. ಚೆನ್ನಾಗಿ ಮಲಗಿ. ಫೋನಲ್ಲಿ ನನ್ನ ಮಾತನ್ನ ಅರ್ಧಕ್ಕೇ ತುಂಡು ಮಾಡ್ತೀರಿ, ಅದಕ್ಕೇ ಇದನ್ನ ಬರೆದು ಕೊರಿಯರಲ್ಲಿ ಕಳಿಸ್ತಿದೀನಿ. ಪೂರ್ತಿ ಓದಿ.

ನೀವು ಹೊರಟ ಮಾರನೇ ದಿನ ಕಿಬ್ಬೊಟ್ಟೆಯ ಎಡಗಡೆ ಹಿಡ್ಕೊಂಡ ನೋವು ಬಿಡಲೇ ಇಲ್ಲ. ನಿಮಗೆ ಹೇಳಿದ್ರೆ ಗ್ಯಾಸು, ಜೀರಿಗೆ ಅಗಿ ಅಂದ್ರಿ. ನೆಟ್ಟಗೆ ನಿಲ್ಲೋಕೂ ಆಗದೆ ಹೋದಾಗ ಮಗಳೇ ಆಟೋದಲ್ಲಿ ಡಾಕ್ಟರ್ ಗಿರಿಜಾಂಬಾ ಹತ್ರ ಕರ್ಕೊಂಡು ಹೋದ್ಲು. ರಕ್ತ ಪರೀಕ್ಷೆ, ಸ್ಕ್ಯಾನು ಎಲ್ಲ ಆಯ್ತು. ಡೈವರ್ಟಿಕ್ಯುಲೈಟಿಸ್ ಅಂತೆ. ದೊಡ್ಡ ಕರುಳಿನ ಗೋಡೇಲಿ ಸಣ್ಣ ಚೀಲಗಳ ಹಾಗೆ ಉಬ್ಬಿಕೊಂಡಿವೆ, ಅದರಲ್ಲೊಂದು ಊದ್ಕೊಂಡಿದೆ. ಕೀವಿಲ್ಲ, ತೂತಾಗಿಲ್ಲ, ಜ್ವರ ಇಲ್ಲ, ನನಗೆ ಬೇರೆ ಕಾಯಿಲೆನೂ ಇಲ್ಲ. ಹಾಗಾಗಿ ಆಂಟಿಬಯಾಟಿಕ್ ಬೇಡ, ಮನೇಲೇ ನೋಡ್ಕೊಳ್ಳೋಣ ಅಂದ್ರು. ಎರಡು ಮೂರು ದಿನ ಬರೀ ನೀರು, ಎಳನೀರು, ತಿಳಿ ಸಾರು, ನೋವು ಇಳಿದ ಮೇಲೆ ಮೆತ್ತಗಿನ ಅನ್ನ. ನೋವಿಗೆ ಪ್ಯಾರಾಸಿಟಮಾಲ್ ಒಂದೇ. ಜ್ವರ, ವಾಂತಿ ಬಂದ್ರೆ, ನೋವು ಜಾಸ್ತಿ ಆದ್ರೆ ತಡ ಮಾಡದೆ ತಿಳಿಸಬೇಕು. ಎಲ್ಲಕ್ಕಿಂತ ಮೊದಲು ರೆಸ್ಟು.

ಆ ರೆಸ್ಟು ಅನ್ನೋ ಮಾತೇ ನಿಮಗೆ ಚುಚ್ಚಿತು. ನೋವು ಹೇಗಿದೆ ಅಂತ ಕೇಳಲಿಲ್ಲ. ಭಾನುವಾರ ಬಿಂದು ಮದುವೆ ಮಾತುಕತೆಗೆ ಗಂಡಿನ ಕಡೆಯವರು ಬರ್ತಾರೆ, ಅಷ್ಟರೊಳಗೆ ನೀನು ಏಳಬೇಕು, ಹೋಳಿಗೆ ಯಾರು ತಟ್ತಾರೆ ಅಂದ್ರಿ. ಮಾತ್ರೆ ಕೊಡದ ಡಾಕ್ಟರು ಎಂಥ ಡಾಕ್ಟರು ಅಂತ ಆಯಮ್ಮನಿಗೇ ಫೋನ್ ಮಾಡಿ ಕೂಗಾಡಿದ್ರಿ. ನಾಚಿಕೆಯಾಯ್ತು ನನಗೆ. ಸಾಲದು ಅಂತ ನಿಮ್ಮ ತಮ್ಮ ಸ್ವರೂಪನ ಕೈಲಿ ಎರಡು ಥರದ ಆಂಟಿಬಯಾಟಿಕ್ ಕಳಿಸಿದ್ರಿ. ನಾನು ಬೇಡ ಅಂದಾಗ ಅವನು, "ಅತ್ತಿಗೆ, ತಗೊಳ್ದಿದ್ರೆ ಅಣ್ಣ ನನ್ನ ಬೈತಾನೆ" ಅಂದ. "ಬೈಸ್ಕೊ" ಅಂದೆ.

ಬಾಯಲ್ಲಿ ಹಾಗಂದೆ. ಮಂಗಳವಾರ ಸಾಯಂಕಾಲ ನೋವು ಮತ್ತೆ ಹೆಚ್ಚಾದಾಗ ಹೆದರಿಬಿಟ್ಟೆ. ಅವನು ಬಿಟ್ಟುಹೋದ ಮಾತ್ರೆ ಬಿಡಿಸಿ ಅಂಗೈಲಿ ಇಟ್ಕೊಂಡೂ ಆಗಿತ್ತು. ನೀವು ಹೇಳಿದ್ದೇ ಸರಿ ಇದ್ದಿದ್ರೆ? ಬಿಂದು ಜ್ವರ ನೋಡಿದ್ಲು, ಇರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದ್ಲು. ನಿಮ್ಮ ಹತ್ರ ಅಷ್ಟೆಲ್ಲ ಅನ್ನಿಸ್ಕೊಂಡ ಹೆಂಗಸು ಕ್ಲಿನಿಕ್ ಮುಚ್ಚಿ ಸೀದಾ ಮನೆಗೆ ಬಂದು, ಹೊಟ್ಟೆ ಮುಟ್ಟಿ ನೋಡಿ, ಏನು ತಿಂದ್ರಿ ಅಂತ ಕೇಳಿದ್ರು. ಮಧ್ಯಾಹ್ನ ನಿಮ್ಮಕ್ಕ ಬಂದು, ಭಾನುವಾರಕ್ಕೆ ಶಕ್ತಿ ಬೇಕಲ್ಲ ಅಂತ ಮುದ್ದೆ, ಸೊಪ್ಪಿನ ಸಾರು ತಿನ್ನಿಸಿ ಹೋಗಿದ್ರು. ಡಾಕ್ಟರು ಬೈಯಲಿಲ್ಲ. "ಹೊಟ್ಟೆ ಮೆತ್ತಗೇ ಇದೆ. ಮತ್ತೆ ಬರೀ ನೀರು ಕುಡೀರಿ. ಬೆಳಿಗ್ಗೆ ರಕ್ತ ನೋಡೋಣ, ಮಾತ್ರೆ ಬೇಕು ಅನ್ನಿಸಿದ್ರೆ ನಾನೇ ಬರೀತೀನಿ" ಅಂದ್ರು. ಬೇಕಾಗಲಿಲ್ಲ. ಇವತ್ತು ಮೆತ್ತಗೆ ಮೊಸರನ್ನ ಕಲಸಿ ತಿಂದೆ, ನೋವು ಮುಕ್ಕಾಲು ಹೋಗಿದೆ.

ಗಂಡಿನ ಮನೆಗೂ ನಾನೇ ಫೋನ್ ಮಾಡಿ ಮುಂದಿನ ತಿಂಗಳು ಬನ್ನಿ ಅಂದೆ. ಆಗಲಿ, ಆರೋಗ್ಯ ನೋಡ್ಕೊಳ್ಳಿ ಅಂದ್ರು, ಅಷ್ಟೇ. ಮರ್ಯಾದೆ ಹೋಯ್ತು ಅಂತ ಕೂಗಾಡೋದಿದ್ರೆ ಅಲ್ಲೇ ಕೂಗಾಡಿ ಮುಗಿಸ್ಕೊಂಡು ಬನ್ನಿ. ಇಷ್ಟು ವರ್ಷ ಈ ಮನೇಲಿ ಯಾರಿಗೆ ಕೆಮ್ಮು ಬಂದ್ರೂ ಕಷಾಯ ಕಾಸಿದವಳು ನಾನು. ನಾಲ್ಕು ದಿನ ಮಲಗೋಕೆ ಯಾರ ಅಪ್ಪಣೆನೂ ಕೇಳಲ್ಲ.

ದೇವರು ನಿಮ್ಮ ಮಂಡಿ, ಬುದ್ಧಿ ಎರಡನ್ನೂ ಬೇಗ ಸರಿ ಮಾಡಲಿ.

ವಿಶಾಲು

ಬರೆಯೋದು ಬಿಟ್ಟೇಹೋಗಿತ್ತು. ಆರೆಂಟು ವಾರ ಆದ್ಮೇಲೆ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಬೇಕಂತೆ, ಬೇರೆ ಏನೂ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ. ಬೇರೆ ಏನು ಅಂತ ನಾನು ಕೇಳಲಿಲ್ಲ, ಡಾಕ್ಟರೂ ಹೇಳಲಿಲ್ಲ. ಮಂಪರು ಬರಿಸ್ತಾರಂತೆ, ಮನೆಯವರು ಒಬ್ಬರು ಜೊತೆಗಿರಲೇಬೇಕಂತೆ. ಸ್ವರೂಪನ್ನ ಕಳಿಸ್ಬೇಡಿ.