ತಟ್ಟೆ ಏಟು ತಿಂದ ತಮ್ಮನಿಗೆ

ಸುಫನ್‌ಬುರಿ,
ಬುಧವಾರ, ಜೂನ್ ೯, ಬುದ್ಧವರ್ಷ ೨೫೫೩

ಪ್ರೀತಿಯ ತಮ್ಮ ಬುನ್‌ಲೂ,

ಹೇಗಿದ್ದೀಯಪ್ಪಾ? ರನೋಂಗಿನ ಮಳೆಗೆ ಮಂಡಿನೋವು ಜಾಸ್ತಿಯಾಗಿರಬೇಕು. ಮೀನು ಆಯುವಾಗ ಬರಿಗಾಲಲ್ಲಿ ನಿಲ್ಲಬೇಡ, ಬೂಟು ಹಾಕಿಕೋ. ಬಲಗಿವಿ ಹೇಗಿದೆ? ಎಡದ್ದರ ಕಥೆ ಮುಗಿದೇ ಹೋಗಿದೆ, ಕೇಳುವುದಿಲ್ಲ. ಫೋನಿನಲ್ಲಿ ಕಿರುಚಿದರೆ ಬೀದಿಗೆಲ್ಲ ಕೇಳಿಸುತ್ತದೆ, ನಿನಗೊಬ್ಬನಿಗೆ ಕೇಳಿಸದು. ಅದಕ್ಕೇ ಈ ಕಾಗದ. ನಿನ್ನ ಮಗ ಕಂಪೋನ್ ನನ್ನ ಹತ್ತಿರ ಚೆನ್ನಾಗಿದ್ದಾನೆ. ಮೋಟಾರ್‌ಸೈಕಲ್ ರಿಪೇರಿ ಅಂಗಡಿಯಿಂದ ಬಂದವನೇ, ಮೀನಿನ ಹುಳಿಸಾರು ಕಂಡರೆ ನಿನ್ನ ಹಾಗೇ ಪಾತ್ರೆಯ ತಳ ಕೆರೆಯುತ್ತಾನೆ.

ಮಪ್ರಾವ್ ಸತ್ತದ್ದನ್ನು ಟೀವಿಯಲ್ಲಿ ನೋಡಿರುತ್ತೀ. ನಾಡನ್ನೇ ನಗಿಸಿದ ಮಹಾನುಭಾವನಂತೆ. ಹೌದು, ನಗಿಸಿದ. ಯಾರ ತಲೆಯ ಮೇಲೆ? ಹದಿನಾಲ್ಕು ವರ್ಷ, ಶನಿವಾರ ಬಂತೆಂದರೆ ಟೀವಿಯ ಹಾಸ್ಯ ಕಾರ್ಯಕ್ರಮದಲ್ಲಿ ಅವನು ಏನೋ ಹೇಳುವುದು, ನೀನು ಅರ್ಥವಾಗದವನಂತೆ ಬಾಯಿಬಿಡುವುದು, ಅಲ್ಯೂಮಿನಿಯಂ ತಟ್ಟೆ ಢಣ್ ಎಂದು ನಿನ್ನ ನೆತ್ತಿಗೆ! ತಲೆಯೆಂದರೆ ಪವಿತ್ರವೆಂದು ನಮ್ಮ ತಲೆಯನ್ನು ಅಕ್ಕರೆಗೂ ಯಾರಿಗೂ ಮುಟ್ಟಗೊಡದಿದ್ದ ಅಮ್ಮ, ಆ ಹೊತ್ತಿಗೆ ಎದ್ದುಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. "ಚಪ್ಪಟೆಯಾಗಿ ಹೊಡೆದರೆ ಬರೀ ಸದ್ದು ಅಕ್ಕಾ, ನೋವಿಲ್ಲ" ಅಂತ ನೀನು ನನಗೆ ಮಾಡಿ ತೋರಿಸಿದ್ದೆ. ಆಮೇಲೆ ಅಂಚಿನಲ್ಲಿ ಬಾರಿಸಿದರೆ ಜನ ಇನ್ನೂ ನಗುತ್ತಾರೆಂದು ಅವನಿಗೆ ಗೊತ್ತಾಯಿತು. ಎಡಗಿವಿಯಿಂದ ರಕ್ತ ಸುರಿದ ದಿನ "ಒರೆಸಿಕೊಳ್ಳೋ, ಇನ್ನೊಂದ್ಸಲ ತೆಗೆಯೋಣ" ಅಂದನಂತಲ್ಲ, ಪಾಪಿ.

ಅಮ್ಮ ಹೋದಾಗ ಅವನು ಬಂದದ್ದನ್ನು ಮರೆತಿಲ್ಲ. ಕ್ಯಾಮೆರಾ ಇಲ್ಲ, ಜನ ಇಲ್ಲ. ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು ಬಂದವರ ಬಟ್ಟಲೆಲ್ಲ ತೊಳೆದ. ದೊಡ್ಡ ಭಿಕ್ಷು ಸೀನುವುದನ್ನು ಅಣಕಿಸಿ ನನ್ನನ್ನು ಅಳುವಿನಲ್ಲೂ ನಗಿಸಿದ. ಅದೇ ಕೈ. ಪೂರ್ತಿ ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ ಕಣೋ. ಹಾಗಲ್ಲವಲ್ಲ, ಅದಕ್ಕೇ ಹೊಟ್ಟೆ ಇನ್ನೂ ಉರಿಯುತ್ತದೆ.

ಭಾನುವಾರ ದೇವಸ್ಥಾನಕ್ಕೆ, ಹೆಣದ ಕೈಗೆ ನೀರೆರೆಯುವ ಶಾಸ್ತ್ರಕ್ಕೆ ಹೋದೆ. ಬಲಗೈ ಹೊರಚಾಚಿ ಮಲಗಿಸಿದ್ದರು. ಆ ಕೈಮೇಲೆ ನೀರು ಬಿಟ್ಟು, ನನ್ನಿಂದ ತಪ್ಪಾಗಿದ್ದರೆ ಕ್ಷಮಿಸು ಅಂತ ನಾನು ಬೇಡಬೇಕಂತೆ! ಬಟ್ಟಲನ್ನು ಬಗ್ಗಿಸದೆ ಹಿಡಿದೇ ನಿಂತೆ. ಹಿಂದಿನವಳು "ಬೇಗ ಹೇಳಿ ಅಜ್ಜಿ, ಸಾಲು ಉದ್ದ ಇದೆ" ಅಂದಳು. "ನನ್ನ ತಮ್ಮನ್ನ ನೀನು ಕ್ಷಮೆ ಕೇಳಬೇಕಿತ್ತು ಕಣೋ" ಅಂತ ಹೆಣಕ್ಕೆ ಗಟ್ಟಿಯಾಗೇ ಹೇಳಿ ನೀರು ಸುರಿದು ಬಂದೆ. ಎಲ್ಲ ತಿರುಗಿ ನೋಡಿದರು. ನೋಡಲಿ.

ಹೊರಗೆ ಟೀವಿಯವಳೊಬ್ಬಳು ಬೆಣ್ಣೆಯಂಥ ದನಿಯಲ್ಲಿ ಹಿಡಿದುಕೊಂಡಳು. "ಅಜ್ಜಿ, ದಹನದ ಸಂಜೆ ಬುನ್‌ಲೂ ಮಾವ ಬರಲೇಬೇಕು. ಮಪ್ರಾವ್ ಅವರ ಮಗ ಅದೇ ತಟ್ಟೇಲಿ ಕೊನೇ ಸಲ ಒಂದೇಟು ಹಾಕ್ತಾರೆ. ಇಡೀ ದೇಶ ಅಳುತ್ತೆ!" "ಮೊದಲು ನಿನ್ನ ತಲೆ ಕೊಡಮ್ಮ" ಅಂದೆ. ಇನ್ನೊಂದೇಟು ಬಿದ್ದರೆ ಬಲಗಿವಿಯೂ ಹೋಗುತ್ತದೆಂದು ಡಾಕ್ಟರು ಹೇಳಿರುವಾಗ! ಅವನು ಬರೋದಿಲ್ಲ ಅಂತ ನಾನೇ ಹೇಳಿಬಿಟ್ಟೆ.

ಮಂಡಿಗೆ ಮುಲಾಮು ಬೇರೆ ಕಳಿಸಿದ್ದೇನೆ, ಬಿಸಿ ಮಾಡಿ ಹಚ್ಚು. ಬುದ್ಧನ ನೆರಳು ನಿನ್ನ ಮೇಲಿರಲಿ.

ನಿನ್ನ ಅಕ್ಕ,
ಸಾಯ್‌ಬುವಾ

ಮತ್ತೆ: ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ನೀನು ಬರುವುದಿಲ್ಲ ಅಂತ ನಾನು ಅಂದಮೇಲೆ ಆ ಟೀವಿಯವಳು ಅಂಗಡಿಗೇ ಹೋಗಿ ಕಂಪೋನನನ್ನು ಕೇಳಿದ್ದಾಳೆ. ನಿನ್ನ ಜಾಗದಲ್ಲಿ ತಲೆ ಕೊಡಲು ಅವನು ಒಪ್ಪಿದ್ದಾನೆ. ಕಿವಿಯ ವಿಷಯ ಹೇಳಿದರೆ, "ಅದು ಜ್ವರದಿಂದ ಹೋಗಿದ್ದು ಅತ್ತೆ, ಅಪ್ಪಾನೇ ಹೇಳಿದ್ದಾರಲ್ಲ" ಅಂತ ನಗುತ್ತಾನೆ. ದಹನ ಹತ್ತೊಂಬತ್ತಕ್ಕೆ. ಬಸ್ಸು ಹತ್ತಿ ಬಾ, ಅದು ಜ್ವರವಲ್ಲ ಅಂತ ನೀನೇ ಅವನಿಗೆ ಹೇಳು.